ಕೊಬ್ಬರಿ ಒಯ್ಯಬಾರದೆಂದು ಸುಜಾತ ಹೇಳಿದ್ದಳು

ಸುಳ್ಳು ಹೇಳಿದವನು ನಾನು. ವಿಮಾನದಲ್ಲಿ ಕೊಬ್ಬರಿ ಒಯ್ಯಬಾರದು ಎಂದು ಸುಜಾತ ನನಗೆ ಹೇಳಿದ್ದಳು. ಒಂದು ಸಲವಲ್ಲ, ನಾಲ್ಕಾರು ಸಲ. ಹೇಳಲೇ ಇಲ್ಲ ಎಂದು ಎಲ್ಲರ ಮುಂದೆ ಅಂದವನು ನಾನು. ಅದರಿಂದ ಅವಳ ಕೆಲಸ ಹೋಯಿತು. ಇಷ್ಟು ವರ್ಷ ಇದನ್ನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಸಣ್ಣ ಅಂಗಡಿ. ಎಸ್‌ಟಿಡಿ ಬೂತು, ಒಂದು ಜೆರಾಕ್ಸ್ ಮಷೀನು, ರೈಲ್ವೆ ರಿಸರ್ವೇಶನ್ ಫಾರಂ ತುಂಬಿಕೊಡುವ ಕೆಲಸ. ಅಗ್ಗದ ವಿಮಾನಗಳ ಭರಾಟೆ ಶುರುವಾದಾಗ ಒಂದು ಕಂಪನಿಯವರು ನನಗೂ ಟಿಕೆಟ್ ಮಾರುವ ಏಜೆನ್ಸಿ ಕೊಟ್ಟರು. ಬಾಗಿಲ ಮೇಲೆ ವಿಮಾನದ ಚಿತ್ರದ ಬೋರ್ಡು ಬಂತು. ಹುಲಿಕೆರೆಯ ನನ್ನ ಭಾವ ಬಂದವರು ಅದನ್ನು ಕತ್ತೆತ್ತಿ ನೋಡಿ, "ಏನ್ಲಾ ನಟರಾಜ, ಇಲ್ಲಿಂದ್ಲೇ ಹಾರ್ತದೇನ್ಲಾ?" ಎಂದು ನಕ್ಕರು. ನಾನೂ ನಕ್ಕೆ. ಒಳಗೊಳಗೇ ಉಬ್ಬಿಹೋಗಿದ್ದೆ.

ಸುಜಾತ ಆ ಕಂಪನಿಯ ಕಡೆಯಿಂದ ಅರಸೀಕೆರೆ, ಬೇಲೂರು, ಹಳೇಬೀಡಿನ ಏಜೆಂಟರನ್ನು ನೋಡಿಕೊಳ್ಳುತ್ತಿದ್ದವಳು. ಕಣಕಟ್ಟೆಯವಳು. ಅವರದು ಬೌದ್ಧರ ಮನೆ, ತಂದೆ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಬಿ.ಕಾಂ. ಮುಗಿಸಿ, ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ತಿರುಗುತ್ತಿದ್ದಳು. ಒಂದು ವರ್ಷ ನಮ್ಮ ಅಂಗಡಿಗಳಲ್ಲಿ ವ್ಯಾಪಾರ ಚೆನ್ನಾಗಿ ನಡೆದರೆ ಕೆಲಸ ಕಾಯಂ ಎಂದಿದ್ದರಂತೆ. "ಇದೊಂದು ಕಾಯಂ ಆಗ್ಬಿಡ್ಲಿ ಅಣ್ಣ, ನಮ್ಮನೇಲಿ ಕಂಪನಿ ಕೆಲ್ಸಕ್ಕೆ ಸೇರಿರೋಳು ನಾನೇ ಮೊದ್ಲು," ಎನ್ನುತ್ತಿದ್ದಳು. ಬಂದಾಗಲೆಲ್ಲ ಕಾಫಿ ತರಿಸುತ್ತಿದ್ದೆ—ಅಷ್ಟು ಒಳ್ಳೆಯವನೇ ನಾನು!

ವ್ಯಾಪಾರ ಮಾತ್ರ ಆಗುತ್ತಿರಲಿಲ್ಲ. ಒಂದು ಸಲ ನಮ್ಮ ವಿಮಾನ ಹತ್ತಿದವರು ಎರಡನೇ ಸಲ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಬೆಂಗಳೂರಿನ ಆಫೀಸಿನಿಂದ ದಿನ ಬಿಟ್ಟು ದಿನ ಫೋನು—ಯಾಕ್ರೀ, ನಿಮ್ಮೂರಲ್ಲಿ ಯಾಕೆ ಟಿಕೆಟ್ ಹೋಗ್ತಿಲ್ಲ? ಏನು ಹೇಳಲಿ ಆ ಪುಣ್ಯಾತ್ಮರಿಗೆ? ಟಿಕೆಟ್ಟು ಅಗ್ಗ, ಸರಿ. ಕುಡಿಯುವ ನೀರಿಗೆ ದುಡ್ಡು, ಬ್ಯಾಗು ಒಂಚೂರು ಭಾರವಾದರೆ ದುಡ್ಡು, ಹೋಗದೆ ಉಳಿದರೆ ಕೊಟ್ಟ ದುಡ್ಡಿಗೆ ಕೈಮುಗಿಯಬೇಕು. ಇದನ್ನೆಲ್ಲ ನಮ್ಮ ಜನ ಬೈದುಕೊಂಡಾದರೂ ಸಹಿಸುತ್ತಿದ್ದರು. ಆದರೆ ಕೊಬ್ಬರಿ? ನಮ್ಮ ಕಡೆಯವರು ನೆಂಟರ ಮನೆಗೆ ಕೊಬ್ಬರಿ ಇಲ್ಲದೆ ಹೋಗುವುದುಂಟೇ? ಅದರಲ್ಲಿ ಎಣ್ಣೆ ಇದೆ, ಬಿಸಿಯಾಗಿ ಹೊತ್ತಿಕೊಳ್ಳುತ್ತದೆ ಅಂತ ವಿಮಾನದವರು ಅದನ್ನು ಹತ್ತಿಸುವುದೇ ಇಲ್ಲ. ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸಿ ತೆಗೆದಿಡುತ್ತಾರೆ.

ಅದೇ ಹೊತ್ತಿಗೆ ದಕ್ಷಿಣದ ನಾಲ್ಕೈದು ಊರುಗಳಿಗಷ್ಟೇ ಹಾರುತ್ತಿದ್ದ ಇನ್ನೊಂದು ಸಣ್ಣ ಕಂಪನಿ ನಮ್ಮಲ್ಲಿಗೆ ಬಂತು. ಅವರ ಮನುಷ್ಯ ಬಂದವನೇ ಎರಡು ದಿನ ಕೊಬ್ಬರಿ ಮಂಡಿಯಲ್ಲಿ ಕೂತು, ನೀವು ಪ್ರಯಾಣಕ್ಕೆ ಏನೇನು ಒಯ್ಯುತ್ತೀರಿ ಎಂದು ವಿಚಾರಿಸಿದ. ಆಮೇಲೆ ಒಂದು ಏರ್ಪಾಟು ಮಾಡಿದ. ಕೊಬ್ಬರಿ ಗಂಟು ಹಿಂದಿನ ದಿನವೇ ರೈಲಿನಲ್ಲಿ ಹೋಗುತ್ತದೆ, ಹೈದರಾಬಾದಿನಲ್ಲಿ ಇಳಿದವರು ಅವರ ಆಫೀಸಿನಲ್ಲಿ ಇಸಕೊಳ್ಳಬಹುದು. ಟಿಕೆಟ್ಟು ನಮಗಿಂತ ತುಟ್ಟಿ. ಆದರೂ ಜನ ಅಲ್ಲಿಗೇ ಹೋದರು.

ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವಳು ಸುಜಾತ. ನಾವೂ ಹಾಗೇ ಮಾಡೋಣ ಎಂದು ಬೆಂಗಳೂರಿಗೆ ಬರೆದಳು. ನಮ್ಮದು ಅಗ್ಗದ ಕಂಪನಿ, ಸೀಟು ಬಿಟ್ಟು ಬೇರೇನೂ ಕೊಡುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಅವಳೇ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ, ವಿಮಾನದಲ್ಲಿ ಕೊಬ್ಬರಿ ಒಯ್ಯುವಂತಿಲ್ಲ ಎಂದು ಬರೆದು ತಂದಳು. "ಗೋಡೆಗೆ ಅಂಟಿಸಿ ಅಣ್ಣ. ಮೊದ್ಲೇ ಹೇಳ್ಬಿಟ್ರೆ ಜನ ಬೈಯಲ್ಲ." ಆಗಲಿ ಎಂದೆ. ಅವಳು ಬಸ್ ಹತ್ತಿದ ಮೇಲೆ ಅದನ್ನು ಡ್ರಾಯರಿಗೆ ಹಾಕಿದೆ. ಗೋಡೆಗೆ ಅಂಟಿಸಿದರೆ ಬರುವ ಒಬ್ಬಿಬ್ಬರೂ ಆ ಇನ್ನೊಂದು ಕಂಪನಿಗೆ ಹೋಗುತ್ತಾರಲ್ಲ! ಕೇಳಿದವರಿಗೆಲ್ಲ—ಬಟ್ಟೆ ನಡುವೆ ಇಟ್ಕೊಳ್ಳಿ, ಏನೂ ಆಗಲ್ಲ ಎನ್ನುತ್ತಿದ್ದೆ.

ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ ಮಲ್ಲೇಶಪ್ಪನವರಿಗೂ ಅದನ್ನೇ ಹೇಳಿದೆ. ಅಳಿಯ ಮಿಲಿಟರಿಯಲ್ಲಿದ್ದ, ಮಗಳ ಸೀಮಂತ ಸಿಕಂದರಾಬಾದಿನಲ್ಲಿ. ಗಂಡ ಹೆಂಡತಿ ಇಬ್ಬರೂ ಮೊದಲ ಸಲ ವಿಮಾನ ಹತ್ತುವವರು. ಹೆಂಡತಿ ಗೌರಮ್ಮನವರು ನನ್ನನ್ನು ಎರಡೆರಡು ಸಲ ಕೇಳಿದ್ದರು—ಮಡಿಲಕ್ಕಿಗೆ ನಮ್ಮ ತೋಟದ ಕೊಬ್ಬರಿ ಒಯ್ಯಬಹುದಾ ಎಂದು. ಧಾರಾಳವಾಗಿ ಒಯ್ಯಿರಿ ಅಮ್ಮ ಎಂದೆ.

ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸಿದರು. ರೇಷ್ಮೆ ಸೀರೆಯ ಮಡಿಕೆಯಿಂದ ಕೊಬ್ಬರಿ ಗಿಟುಕುಗಳನ್ನು ಒಂದೊಂದಾಗಿ ತೆಗೆದು ಕಸದ ಡಬ್ಬಿಯ ಪಕ್ಕ ಇಟ್ಟರಂತೆ. ಗೌರಮ್ಮನವರು ಅಲ್ಲೇ ನೆಲದ ಮೇಲೆ ಕೂತು, ಮಗಳ ಮಡಿಲಿಗೆ ಹಾಕುವುದನ್ನು ಕಸಕ್ಕೆ ಹಾಕಿ ನಾನು ಬರುವುದಿಲ್ಲ ಎಂದುಬಿಟ್ಟರಂತೆ. ಮಾತು ಮುಗಿಯುವುದರೊಳಗೆ ವಿಮಾನ ಹೋಯಿತು. ಮರುದಿನ ಆ ಹುಡುಗಿಯ ಮಡಿಲನ್ನು ಕ್ವಾರ್ಟರ್ಸಿನ ಅಕ್ಕಪಕ್ಕದ ಹೆಂಗಸರು ತುಂಬಿದರು. ತಾಯಿ ಅರಸೀಕೆರೆಯ ಬಸ್ಸಿನಲ್ಲಿ ಅಳುತ್ತಾ ವಾಪಸು ಬಂದರು.

ಆ ವಾರವೇ ಮಲ್ಲೇಶಪ್ಪನವರು ಮಂಡಿಯವರನ್ನು ಜೊತೆ ಮಾಡಿಕೊಂಡು ಅಂಗಡಿಗೆ ನುಗ್ಗಿದರು. ದೂರು ಮುಟ್ಟಿ ಬೆಂಗಳೂರಿನಿಂದ ಮ್ಯಾನೇಜರೂ ಬಂದಿದ್ದರು. ಸುಜಾತ ಬಾಗಿಲ ಹತ್ತಿರ ನಿಂತಿದ್ದಳು.

"ಕೊಬ್ಬರಿ ತಗಂಡೋಗಂಗಿಲ್ಲ ಅಂತ ಮೊದ್ಲೇ ಒಂದ್ ಮಾತು ಹೇಳಕ್ಕೆ ನಿಮಗೇನ್ರೀ ಬಂದಿತ್ತು ದಾಡಿ?" ಎಂದರು ಮಲ್ಲೇಶಪ್ಪನವರು.

ಮ್ಯಾನೇಜರು ಸುಜಾತಳ ಕಡೆ ತಿರುಗಿದರು. "ಏಜೆಂಟ್‌ಗೆ ರೂಲ್ಸ್ ಹೇಳಿದ್ರೇನ್ರೀ ನೀವು?"

"ಹೇಳಿದೀನಿ ಸಾರ್. ಬರೆದೂ ಕೊಟ್ಟಿದೀನಿ. ಅಣ್ಣ, ನೀವೇ ಹೇಳಿ."

ನನ್ನ ಮೊಣಕಾಲು ಡ್ರಾಯರಿಗೆ ತಾಗಿಕೊಂಡಿತ್ತು. ಒಂದೇ ಒಂದು ಸಲ ಎಳೆದಿದ್ದರೆ...

"ಇಲ್ಲ ಸಾರ್, ನನಗೆ ಯಾರೂ ಹೇಳಿಲ್ಲ," ಎಂದೆ.

ಮಲ್ಲೇಶಪ್ಪನವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇಂಥೋರ್ನೆಲ್ಲ ತಂದು ಕೂರ್ಸಿದ್ರೆ ಇನ್ನೇನಾಯ್ತದೆ ಬಿಡಿ."

ಮಂಡಿಯವರು ತಲೆಯಾಡಿಸಿದರು. ನಾನು ಮೊಣಕಾಲನ್ನು ಡ್ರಾಯರಿಗೆ ಇನ್ನಷ್ಟು ಒತ್ತಿಕೊಂಡೆ. ಹೆದರಿಕೆಯಲ್ಲಿ ಬಾಯಿ ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನನ್ನದೂ ಅವಳದೂ ಎರಡು ಮಾತು ಎದುರುಬದುರು ನಿಂತರೆ ಈ ಜನ ಯಾರದನ್ನು ನಂಬುತ್ತಾರೆ ಎಂಬುದು ನನಗೆ ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಮುಂದಿನ ತಿಂಗಳು ಅವಳ ಜಾಗಕ್ಕೆ ಬೇರೊಬ್ಬ ಬಂದ. ಅವನಿಗೆ ಕೊಬ್ಬರಿಯೂ ಗೊತ್ತಿಲ್ಲ, ಕಣಕಟ್ಟೆಯೂ ಗೊತ್ತಿಲ್ಲ. ವರ್ಷ ತುಂಬುವುದರೊಳಗೆ ಕಂಪನಿ ನಮ್ಮೂರಿನ ಏಜೆನ್ಸಿಯನ್ನೇ ಮುಚ್ಚಿತು. ಪೆಟ್ರೋಲು, ಪೈಪೋಟಿ, ಜನಕ್ಕೆ ಬುದ್ಧಿಯಿಲ್ಲ—ಹೋಟೆಲಿನಲ್ಲಿ ಕೂತು ನಾನೂ ಭಾಷಣ ಬಿಗಿದೆ. ಎಂಥ ನಾಚಿಕೆಗೆಟ್ಟ ಬಾಯಿ! ನಮ್ಮ ತಾಲ್ಲೂಕಿನ ಮಟ್ಟಿಗೆ ಕಾರಣ ಗೊತ್ತಿದ್ದವಳು ಒಬ್ಬಳೇ, ಅವಳನ್ನು ಕಳಿಸಿದವನು ನಾನೇ.

ಮೊನ್ನೆ ಹಳೇಬೀಡಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಗೌರಮ್ಮನವರು ಸಿಕ್ಕರು. ಹಳೆಯದೆಲ್ಲ ಮಾತಾಡುತ್ತಾ, "ಆ ಕಂಪ್ನಿ ಹುಡ್ಗಿ ಆಮೇಲೆ ನಮ್ಮನೆ ತಾವ ಬಂದಿತ್ತು ಕಣಪ್ಪಾ. ತಪ್ಪಾಯ್ತು ಅಮ್ಮ ಅಂತು. ನಾನು ಒಳಿಕ್ಕೂ ಕರೀಲಿಲ್ಲ. ಬಿಸ್ಲಲ್ಲಿ ನಿಂತು, ಹಂಗೇ ಹೋಯ್ತು," ಎಂದರು.

"ನನ್ನ ವಿಷಯ ಏನಾದರೂ ಹೇಳಿದಳಾ?"

"ನಿನ್ ಇಷ್ಯ ಏನೈತೆ ಹೇಳಕ್ಕೆ?"

ಎಲೆಯ ಮುಂದೆ ಕೂತಿರಲಾಗಲಿಲ್ಲ. ಕೈ ತೊಳೆದು ಎದ್ದುಬಂದೆ.

ನಾಳೆ ಬೆಳಗಿನ ಬಸ್ಸಿಗೆ ಜಾವಗಲ್ಲಿಗೆ, ಗೌರಮ್ಮನವರ ಮನೆಗೆ ಹೋಗುತ್ತೇನೆ. ಆಮೇಲೆ ಕಣಕಟ್ಟೆಗೆ—ಅವಳು ಅಲ್ಲಿಲ್ಲದಿದ್ದರೆ ಎಲ್ಲಿದ್ದಾಳೆ ಎಂದು ಕೇಳಿಕೊಂಡು ಅಲ್ಲಿಗೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಸುಳ್ಳು ಹೇಳಿದವನು ನಾನು ಎಂದಷ್ಟೇ ಹೇಳಬೇಕು. ಜಾವಗಲ್ಲಿನಲ್ಲಿ ನನ್ನನ್ನು ಯಾರೂ ಬಿಸಿಲಲ್ಲಿ ನಿಲ್ಲಿಸುವುದಿಲ್ಲ, ಬಾ ನಟರಾಜ ಎಂದು ಒಳಗೆ ಕರೆದು ಚಾಪೆ ಹಾಕುತ್ತಾರೆ. ಹಾಕುವ ಮೊದಲೇ, ಹೊರಗೆ ನಿಂತೇ ಹೇಳಬೇಕು.