ಕೆಳಗಿಳಿಸಿದ ಸಾಲು

ನಮ್ಮಮ್ಮ ಕಾಮಾಲೆಗೆ ಔಷಧ ಕೊಡುತ್ತಿದ್ದಳು. ಅಂಬಾಜಿದುರ್ಗದ ಬೆಟ್ಟದ ಕೆಳಗಿನ ನಮ್ಮೂರಿನಲ್ಲಿ, ವಾರಕ್ಕೆ ಎರಡು ದಿನ, ಭಾನುವಾರ ಮತ್ತು ಗುರುವಾರ, ಬಿಸಿಲೇರುವ ಮುಂಚೆ. ಯಾವುದೋ ಎರಡು ಸೊಪ್ಪನ್ನು ಅರೆದು, ಮೇಕೆ ಹಾಲಿನಲ್ಲಿ ಕದಡಿ, ಹಸಿದ ಹೊಟ್ಟೆಗೆ ಒಂದು ಲೋಟ ಕುಡಿಸುವುದು. ಮೂರು ದಿನ ಉಪ್ಪು, ಎಣ್ಣೆ ಮುಟ್ಟಬೇಡಿ ಎನ್ನುವುದು. ಅಷ್ಟೇ ಅವಳ ವೈದ್ಯ. ಸೊಪ್ಪು ಯಾವುದೆಂದು ಹೆತ್ತ ಮಗಳಾದ ನನಗೂ ಹೇಳಲಿಲ್ಲ. ದುಡ್ಡು ಮುಟ್ಟುತ್ತಿರಲಿಲ್ಲ. ವಾಸಿಯಾದವರು ಒಂದು ತೆಂಗಿನಕಾಯಿ, ಎಲೆ ಅಡಿಕೆ ತಂದು ಜಗುಲಿಯ ಮೇಲಿಟ್ಟು ಹೋಗುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಲಂಗ ಹಾಕುವ ವಯಸ್ಸಿನವಳಿದ್ದಾಗ ಅಂಗಳದಲ್ಲಿ ಮೂವತ್ತು ನಲವತ್ತು ಜನ ಕೂತಿರುತ್ತಿದ್ದರು. ಶಿಡ್ಲಘಟ್ಟದ ಕಡೆಯವರು, ಮುರುಗಮಲ್ಲದ ಕಡೆಯವರು, ಗಡಿಯಾಚೆಯಿಂದ ಬಂದ ತೆಲುಗಿನವರು. ಒಬ್ಬರಿಗೂ ಲೋಟ ಕೊಡುವ ಮುಂಚೆ ಅಮ್ಮ ಆ ಸಾಲಿನುದ್ದಕ್ಕೂ ಒಮ್ಮೆ ನಡೆಯುತ್ತಿದ್ದಳು. ರೆಪ್ಪೆ ಎಳೆದು ಕಣ್ಣು ನೋಡುವಳು, ಉಗುರು ನೋಡುವಳು, ಹೊಟ್ಟೆ ಒತ್ತುವಳು. ಹೊಟ್ಟೆ ಊದಿಕೊಂಡವರು, ಬಸುರಿಯರು, ಮಾತು ತಡವರಿಸುವವರು, ಇವರನ್ನು ಮೊದಲು ಎಬ್ಬಿಸುವಳು. "ಇದು ನನ್ನ ಕೈಲಾಗೋದಲ್ಲಪ್ಪ. ದೊಡ್ಡಾಸ್ಪತ್ರೆಗೆ ಹೋಗಿ, ಮೊದಲನೇ ಬಸ್ಸು ಇನ್ನೂ ಸಿಕ್ತದೆ" ಎಂದು ಕಳಿಸಿದ ಮೇಲೇ ಒರಳಿನ ಹತ್ತಿರ ಕೂರುತ್ತಿದ್ದುದು.

ಅವರು ಎದ್ದು ಹೋಗುವಾಗಿನ ಮುಖ ನೋಡಲಾರದೆ ನಾನೊಮ್ಮೆ ಕೇಳಿದ್ದೆ, ಬಂದವರಿಗೆಲ್ಲ ಒಂದೊಂದು ಲೋಟ ಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ ಎಂದು. "ಯಾರಿಗಾಗಲ್ಲ ಅನ್ನೋದನ್ನ ಮೊದ್ಲು ಹೇಳ್ಬೇಕು ಕಣೇ" ಎಂದಳು ಅಮ್ಮ. "ಆಮೇಲೆ ಹೇಳಿದ್ರೆ ಬಸ್ಸು ಹೊರಟೋಗಿರ್ತದೆ."

ಇನ್ನೊಂದು ಕಟ್ಟಳೆ ಅವಳಿಗೆ ಅವಳ ಅತ್ತೆಯಿಂದ ಬಂದದ್ದು: ಔಷಧ ಕೊಡುವವರು ರೋಗಿಯನ್ನು ಕರೆಯಬಾರದು. ಪಕ್ಕದ ಮನೆಯಲ್ಲಿ ಕಣ್ಣು ಹಳದಿಯಾಗಿ ಮಲಗಿದ್ದರೂ ಅವರಾಗಿ ಬಾಗಿಲಿಗೆ ಬಂದು ಕೇಳಬೇಕು. ಕರೆದು ಕೊಟ್ಟರೆ ಔಷಧ ಸಾಯುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ನನಗೆ ಇದೆಲ್ಲ ಅಜ್ಜಿಕಾಲದ ಕಂತೆ ಎನಿಸುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಗಂಡನನ್ನು ಬಿಟ್ಟು ತವರಿಗೆ ಬಂದು, ಚಿಂತಾಮಣಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಟೈಪ್‌ರೈಟರಿನ ಕಾಲ ಮುಗಿದಿತ್ತು. ಎರಡು ಕಂಪ್ಯೂಟರ್ ತಂದೆ, ಫೋನಿಗೆ ಮೋಡೆಮ್ ಸಿಕ್ಕಿಸಿದೆ, "ವೆಬ್‌ಪೇಜ್ ಮಾಡುವುದನ್ನು ಕಲಿಸಲಾಗುವುದು" ಎಂದು ಬೋರ್ಡು ಬರೆಸಿದೆ. ಬೋರ್ಡು ನೋಡಿ ಒಳಗೆ ಬಂದವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೀವು ಮಾಡಿರೋ ಪೇಜ್ ಒಂದು ತೋರ್ಸಿ ಮೇಡಂ." ನನ್ನ ಹತ್ತಿರ ತೋರಿಸುವಂಥದ್ದು ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಊರಾಚೆಯವರು ಹುಡುಕಿಕೊಂಡು ಬರುವಂಥದ್ದು ಒಂದೇ ಇತ್ತು, ಅಮ್ಮನ ಔಷಧ.

ಅಮ್ಮ ಮೊದಲು ಒಪ್ಪಲಿಲ್ಲ. "ಅದು ಕರೆದಂಗಾಗಲ್ವೇನೇ?" ಎಂದಳು.

"ಕರೆಯೋದಲ್ಲಮ್ಮ. ಕಾಮಾಲೆ ಅಂತ ಅವರೇ ಟೈಪ್ ಮಾಡಿ ಹುಡುಕ್ತಾರೆ. ಹುಡುಕ್ಕೊಂಡು ಬರೋರಿಗೆ ದಾರಿ ತೋರ್ಸೋದು, ಅಷ್ಟೇ."

ಅದು ಅವಳಿಗೆ ಸರಿಯೆನಿಸಿತು. "ಹಂಗಾದ್ರೆ ನಾನು ಹೇಳ್ದಂಗೆ ಬರಿ" ಎಂದು ಅಂಗಳದಲ್ಲಿ ಹೇಳುವ ಕ್ರಮದಲ್ಲೇ ಹೇಳಿದಳು. ನಾನು ಇಂಗ್ಲಿಷಿನಲ್ಲಿ ಹಾಗೇ ಬರೆದೆ. ಹೊಟ್ಟೆ ಊದಿದವರು, ಬಸುರಿಯರು, ಮಾತು ತಡವರಿಸುವವರು ಇಲ್ಲಿಗೆ ಬರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಎನ್ನುವುದು ಮೊದಲ ಸಾಲು. ಔಷಧದ ದಿನ, ಪಥ್ಯ, ಬಸ್ಸಿನ ದಾರಿ ಆಮೇಲೆ. ಅಡಿಯಲ್ಲಿ ಒಂದು ಪುಟ್ಟ ಕೌಂಟರ್, ಎಷ್ಟು ಜನ ಬಂದು ನೋಡಿದರೆಂದು ಲೆಕ್ಕ ಇಡುವುದು.

ತಿಂಗಳಾದರೂ ಕೌಂಟರು ಮಿಸುಕಲಿಲ್ಲ. ಅದರಲ್ಲಿದ್ದ ಅಂಕಿ ನಾನೇ ತೆರೆದು ನೋಡಿಕೊಂಡದ್ದು. ಸರ್ಚ್ ಎಂಜಿನ್‌ನಲ್ಲಿ ನಾನೇ ಹುಡುಕಿ ನೋಡಿದೆ. ನಮ್ಮ ಪುಟ ಚೆನ್ನಾಗಿಯೇ ಸಿಗುತ್ತಿತ್ತು, ಮೇಲಿನಿಂದ ಮೂರನೆಯದೋ ನಾಲ್ಕನೆಯದೋ. ಆದರೆ ಅಲ್ಲಿ ಕಾಣುವುದೆಷ್ಟು? ನೀಲಿ ಅಕ್ಷರದಲ್ಲಿ ಒಂದು ಶೀರ್ಷಿಕೆ, ಅದರ ಕೆಳಗೆ ಪುಟದ ಮೊದಲ ಎರಡು ಸಾಲು. ನಮ್ಮ ಮೊದಲ ಎರಡು ಸಾಲಿನಲ್ಲಿ ಇದ್ದದ್ದೇ "ಇಲ್ಲಿಗೆ ಬರಬೇಡಿ" ಎಂದು. ಬಾಗಿಲಲ್ಲೇ ಬೇಡ ಎಂದರೆ ಒಳಗೆ ಯಾರು ಕಾಲಿಡುತ್ತಾರೆ?

ನಗರಗೆರೆ ಕಡೆಯ ಮೂಲವ್ಯಾಧಿ ವೈದ್ಯನೊಬ್ಬನ ಪುಟ ಅದೇ ದಿನ ಕಣ್ಣಿಗೆ ಬಿತ್ತು. ಯಾರೋ ಸಂಬಂಧಿಕರು ಮಾಡಿಕೊಟ್ಟಿದ್ದಿರಬೇಕು. ಇಂಗ್ಲಿಷು ನೆಟ್ಟಗಿರಲಿಲ್ಲ, ಕೆಂಪು ಹಳದಿ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಅವನ ಕೌಂಟರು ಮಾತ್ರ ನನ್ನದರ ಹತ್ತರಷ್ಟಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೂಲವ್ಯಾಧಿಯವನಿಗೆ ಇಷ್ಟು ಜನ, ನನಗಿಲ್ಲವೇ ಎಂದು. ಅವನ ಶೀರ್ಷಿಕೆ ನೋಡಿದೆ: "ಆಪರೇಷನ್ ಬೇಡ, ನಮ್ಮಲ್ಲಿಗೆ ಬನ್ನಿ." ಗುಟ್ಟು ತಿಳಿಯಿತು.

ಅಮ್ಮನ ಮೊದಲ ಸಾಲನ್ನು ಕತ್ತರಿಸಿ ಪುಟದ ತಳಕ್ಕೆ ಅಂಟಿಸಿದೆ. ತೆಗೆದು ಹಾಕಲಿಲ್ಲ, ಕೆಳಗಿಳಿಸಿದೆ ಅಷ್ಟೇ, ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದರ ಜಾಗದಲ್ಲಿ ಮೂರು ದಿನದಲ್ಲಿ ಗುಣ, ಉಚಿತ, ತಲೆಮಾರುಗಳ ಔಷಧ ಎಂದು ಬರೆದೆ. ಕ್ಲಿಕ್ಕುಗಳು ಬರತೊಡಗಿದವು. ನಾಲಿಗೆಗೆ ರುಚಿ ಹತ್ತಿತು. ವಾರಕ್ಕೊಮ್ಮೆ ಶೀರ್ಷಿಕೆ ಬದಲಿಸುವುದು, ಸರ್ಚ್ ಎಂಜಿನ್ ಅದನ್ನು ಎತ್ತಿಕೊಳ್ಳುವವರೆಗೆ ಕಾಯುವುದು, ಕೌಂಟರು ನೋಡುವುದು. ಕೊನೆಗೆ ಎಲ್ಲಕ್ಕಿಂತ ಚೆನ್ನಾಗಿ ಕಚ್ಚಿದ್ದು ಈ ಶೀರ್ಷಿಕೆ: "ಆಸ್ಪತ್ರೆ ಕೈಬಿಟ್ಟ ಕಾಮಾಲೆಗೂ ಇಲ್ಲಿ ಔಷಧವಿದೆ."

ಅದನ್ನು ಅಮ್ಮ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ನಾನು ಟೀ ಕುಡಿಯುತ್ತಾ ಹೊಸೆದದ್ದು.

ದಿನಾ ಬೆಳಗ್ಗೆ ಕರಿಹಲಗೆಯ ಮೂಲೆಯಲ್ಲಿ ಕೌಂಟರಿನ ಅಂಕಿ ಬರೆಯುತ್ತಿದ್ದೆ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಚಿಕ್ಕಬಳ್ಳಾಪುರದಿಂದ, ಗೌರಿಬಿದನೂರಿನಿಂದ ಕಲಿಯಲು ಬಂದು ಸೇರಿದರು. ಅವರಿಗೆ ನಾನು ಪಾಠ ಹೇಳುತ್ತಿದ್ದೆ: "ಹುಡುಕೋರು ಹೆದರಿರ್ತಾರೆ. ಅವರ ಹೆದರಿಕೆಗೆ ಉತ್ತರ ನಿಮ್ಮ ಮೊದಲ್ನೇ ಸಾಲಲ್ಲಿ ಇರ್ಬೇಕು. ಮಿಕ್ಕಿದ್ದನ್ನ ಕೆಳಗೆ ಬರೀರಿ." ಅವರು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ಅಮ್ಮ ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೇಳಿದಳು, "ಈಚೆಗೆ ಹೊಟ್ಟೆ ಊದಿದೋರೇ ಜಾಸ್ತಿ ಬರ್ತಾವ್ರಲ್ಲೇ, ಎಲ್ಲೆಲ್ಲಿಂದ್ಲೋ. ಯಾಕೆ?"

ನಾನು ಗೊತ್ತಿಲ್ಲ ಎಂದೆ. ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅಂಥವರು ಬಂದ ದಿನ ಶೀರ್ಷಿಕೆ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಮ್ಮ ಅವರನ್ನು ಹೇಗೂ ವಾಪಸ್ಸು ಕಳಿಸುತ್ತಾಳಲ್ಲ, ನನ್ನದೇನು ತಪ್ಪು ಎನ್ನುವ ಲೆಕ್ಕಾಚಾರ. ಬಂದು ಹೋಗುವುದರಲ್ಲಿ ಎಷ್ಟು ಹೊತ್ತು ಸೋರಿಹೋಗುತ್ತದೆ ಎಂದು ಯೋಚಿಸಲಿಲ್ಲ.

ಒಂದು ಭಾನುವಾರ ಬೆಂಗಳೂರಿನಿಂದ ಟ್ಯಾಕ್ಸಿ ಮಾಡಿಕೊಂಡು ಒಬ್ಬ ಗಂಡ ತನ್ನ ಹೆಂಡತಿಯನ್ನು ಕರೆತಂದ. ಯಾವುದೋ ಆಫೀಸಿನಲ್ಲಿ ಗುಮಾಸ್ತ, ಮೂವತ್ತರ ಒಳಗಿನವನು. ಅವಳು ಏಳು ತಿಂಗಳ ಬಸುರಿ. ಕಣ್ಣು ಅರಿಸಿನ ಹಚ್ಚಿದ ಹಾಗಿತ್ತು. ಅವನ ತೋಳಿಗೆ ಒರಗಿ ಇಳಿದವಳು ಇದು ಯಾರ ಮನೆ ಎಂದು ಎರಡೆರಡು ಸಲ ಕೇಳಿದಳು. ಅವನ ಕೈಯಲ್ಲಿ ನನ್ನ ಪುಟದ ಪ್ರಿಂಟ್ ಇತ್ತು.

ಅಮ್ಮ ಸಾಲಿನುದ್ದಕ್ಕೂ ನಡೆಯಲೇ ಇಲ್ಲ. ನೇರ ಅವಳ ಹತ್ತಿರ ಹೋಗಿ ರೆಪ್ಪೆ ಎಳೆದು ನೋಡಿ, ಅವನ ಕಡೆ ತಿರುಗಿದಳು. "ಬಸುರಿ ಹೆಂಗಸ್ನ ಇಲ್ಲಿಗ್ಯಾಕಪ್ಪ ಕರ್ಕೊಂಡು ಬಂದೆ? ಎಲ್ಲಿ ತೋರಿಸ್ತಿದ್ದೆ?"

"ಆಸ್ಪತ್ರೇಲೇ ಇದ್ವಿ ಅಮ್ಮ. ನಾಲ್ಕು ದಿನ ಆಯ್ತು. ಗ್ಯಾರಂಟಿ ಹೇಳೋಕಾಗಲ್ಲ ಅಂದ್ರು. ಬೇಡ ಬೇಡ ಅಂದ್ರೂ ಬರ್ಕೊಟ್ಟು ಬಿಡಿಸ್ಕೊಂಡು ಬಂದೆ." ಅವನು ಹಾಳೆ ಮುಂದೆ ಹಿಡಿದ. "ನೀವೇ ಹಾಕಿದೀರಲ್ಲ, ಆಸ್ಪತ್ರೆ ಕೈಬಿಟ್ಟೋರೂ ಬರಬಹುದು ಅಂತ. ಖಾಲಿ ಹೊಟ್ಟೇಲಿ ಬರ್ಬೇಕು ಅಂತ ಇತ್ತು. ನಿನ್ನೆ ಮಧ್ಯಾಹ್ನದಿಂದ ಏನೂ ಕೊಟ್ಟಿಲ್ಲ ಅವಳಿಗೆ."

ಅಮ್ಮನಿಗೆ ಓದಲು ಬಾರದು. ಹಾಳೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ನಾನ್ಯಾವತ್ತು ಕರೆದೆ ನಿನ್ನ?" ಎಂದು ಅವನನ್ನು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಒಂದು ಲೋಟ ಕೊಟ್ಟುಬಿಡಿ ಎಂದು ಅಮ್ಮನ ಕಾಲು ಹಿಡಿದುಕೊಂಡ. ಅಮ್ಮ ಅವನನ್ನು ಎಬ್ಬಿಸಿ, ಆ ಹೆಂಗಸಿಗೆ ಸಕ್ಕರೆ ನೀರು ಕುಡಿಸಿ, ತಾನೇ ಟ್ಯಾಕ್ಸಿಯಲ್ಲಿ ಮಲಗಿಸಿ, "ಎಲ್ಲೂ ನಿಲ್ಸ್‌ಬೇಡ, ಬಿಡಿಸ್ಕೊಂಡು ಬಂದ ಆಸ್ಪತ್ರೆಗೇ ಹೋಗು" ಎಂದು ಡ್ರೈವರನಿಗೆ ಹೇಳಿದಳು. ಅವರು ಹೋದ ಮೇಲೆ ಸಾಲಿನಲ್ಲಿ ಕೂತವರ ಕಣ್ಣು ನೋಡತೊಡಗಿದಳು.

ಆ ಮಧ್ಯಾಹ್ನ ಇನ್‌ಸ್ಟಿಟ್ಯೂಟಿಗೆ ಹೋಗಿ ಪುಟವನ್ನು ಅಳಿಸಲು ಕೂತೆ. ತೆರೆದೊಡನೆ ಕಣ್ಣು ಹೋದದ್ದು ಕೌಂಟರಿಗೆ. ಒಂದೇ ದಿನದಲ್ಲಿ ಅದು ಅಷ್ಟು ಏರಿದ್ದೇ ಇರಲಿಲ್ಲ. ಈ ಬ್ಯಾಚು ಮುಗಿಯಲು ಹತ್ತು ದಿನ ಇತ್ತು, ಮುಗಿದ ಮೇಲೆ ತೆಗೆದರಾಯಿತು ಎಂದುಕೊಂಡೆ. ಸೋಮವಾರ ಬೆಳಗ್ಗೆ ಅಂಕಿಯನ್ನು ಹಲಗೆಯ ಮೇಲೆ ಬರೆದೆ. ಚಪ್ಪಾಳೆ ಬಿತ್ತು. ಬ್ಯಾಚು ಮುಗಿದ ಮೇಲೂ ಪುಟವನ್ನು ತೆಗೆಯಲಿಲ್ಲ.

ಮೂರು ವಾರದ ಮೇಲೆ ಒಂದು ಗುರುವಾರ ಅವನು ಒಬ್ಬನೇ ಬಂದ. ತಲೆ ಬೋಳಿಸಿದ್ದ. ಅಮ್ಮ ಒರಳಿನ ಹತ್ತಿರ ಕೂತಿದ್ದಳು. ನಾನು ಜಗುಲಿಯ ಮೇಲಿದ್ದೆ. ಪುಟ ಮಾಡಿದ್ದು ಯಾರೆಂದು ಕೇಳಿಕೊಂಡು ನನ್ನ ಹತ್ತಿರ ಬಂದು, ತಾಯಿ ಮಗು ಇಬ್ಬರೂ ಹೋದರು, ದಾರಿಯಲ್ಲೇ ಎಚ್ಚರ ತಪ್ಪಿದವಳು ಮತ್ತೆ ಕಣ್ಣು ಬಿಡಲಿಲ್ಲ ಎಂದ. ಬೈಯುತ್ತಾನೆ, ಹೊಡೆಯಲೂಬಹುದು ಎಂದು ನಾನು ಕಾದೆ. ಅವನು ಜೇಬಿನಿಂದ ಎರಡು ಹಾಳೆ ತೆಗೆದ. ಒಂದು ಮಡಿಕೆ ಬಿದ್ದು ಹಳತಾಗಿತ್ತು, ಇನ್ನೊಂದು ಹೊಸತು.

"ಆವತ್ತು ನಾನು ಮೊದಲ್ನೇ ಹಾಳೆ ಮಾತ್ರ ಪ್ರಿಂಟ್ ತೆಗೆಸಿದ್ದೆ ಮೇಡಂ. ಮೊನ್ನೆ ಪೂರ್ತಿ ತೆಗೆಸಿ ನೋಡ್ದೆ. ಎರಡನೇ ಹಾಳೆ ತಳದಲ್ಲಿ ಇದೆ, ಬಸುರಿಯರು ಬರಬಾರದು ಅಂತ. ಒಂದು ಮಾತು ಕೇಳ್ಬೇಕಾಗಿತ್ತು. ಆ ಸಾಲು ಮೊದಲಿಂದ್ಲೂ ಅಲ್ಲೇ ಇತ್ತಾ?"

ಅದಕ್ಕೆ ನನ್ನ ಹತ್ತಿರ ನಿಜವಾದ ಉತ್ತರ ಇತ್ತು. ಇಲ್ಲಪ್ಪ, ಅದು ಮೊದಲ ಸಾಲಾಗಿತ್ತು, ನಾಲ್ಕು ಕ್ಲಿಕ್ಕಿನ ಆಸೆಗೆ ನಾನೇ ಕೆಳಗಿಳಿಸಿದೆ ಎನ್ನಬಹುದಿತ್ತು.

"ಇತ್ತು. ಮೊದಲಿಂದ್ಲೂ ಅಲ್ಲೇ ಇತ್ತು" ಎಂದೆ.

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಆ ಗಾದೆಯನ್ನು ನಾನು ಜೀವನದಲ್ಲಿ ಎಷ್ಟೋ ಜನರ ಮೇಲೆ ಎಸೆದಿದ್ದೇನೆ.

ಅವನು ತಲೆಯಾಡಿಸಿದ. "ಹಂಗಾದ್ರೆ ನಾನೇ ನೋಡ್ಬೇಕಾಗಿತ್ತು" ಎಂದು ಹಾಳೆಗಳನ್ನು ಮಡಿಸಿದ. ಒಂದು ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟ. "ಆಗೋದಾದ್ರೆ ಆ ಸಾಲನ್ನ ಮೇಲಕ್ಕೆ ಹಾಕಿ ಮೇಡಂ. ನನ್ನಂಥ ಗಮಾರ ಇನ್ನೊಬ್ಬ ಇರ್ತಾನೆ, ಕೆಳಗಡೆ ನೋಡಲ್ಲ. ಹಾಕಿದ ಮೇಲೆ ಒಂದು ಕಾರ್ಡು ಬರೀರಿ." ನನಗೆ ನಮಸ್ಕಾರ ಮಾಡಿ ಹೋದ. ನಿಜವಾಗಿಯೂ ಕೈಮುಗಿದು ಹೋದ.

ಅಮ್ಮ ಒರಳಿನ ಹತ್ತಿರದಿಂದಲೇ ಕೇಳಿದಳು, "ಏನಂತೆ?"

"ಎರಡ್ನೇ ಹಾಳೆ ನೋಡ್ಲಿಲ್ವಂತೆ ಕಣಮ್ಮ."

ಅಮ್ಮ ಅರೆಯುವುದನ್ನು ನಿಲ್ಲಿಸಿದಳು. "ನಾನು ಅದನ್ನ ಮೊದ್ಲು ಹೇಳಿದ್ನಲ್ಲೇ. ಎರಡ್ನೇ ಹಾಳೆಗೆ ಹೆಂಗೆ ಹೋಯ್ತು?"

ನಾನು ಅವನು ಕೊಟ್ಟ ಚೀಟಿಯನ್ನು ಮಡಿಸತೊಡಗಿದೆ. ಅವಳು ಅದನ್ನು ನೋಡಿದಳು. ಆಮೇಲೆ ಒರಳಿನಲ್ಲಿದ್ದ ಸೊಪ್ಪನ್ನು ಬಳಿದು ತೆಂಗಿನ ಬುಡಕ್ಕೆ ಸುರಿದು, ಕೈ ತೊಳೆದು, ಸಾಲಿನಲ್ಲಿ ಕೂತಿದ್ದವರ ಮುಂದೆ ನಿಂತಳು. "ಕರೆದುಬಿಟ್ಟಿದೀವಿ ನಿಮ್ಮನ್ನ. ಇನ್ನು ಈ ಮನೇಲಿ ಔಷಧಿ ಇಲ್ಲ. ಬಸ್ಸು ಹೊರಡೋಕೆ ಮುಂಚೆ ಆಸ್ಪತ್ರೆಗೆ ಹೋಗಿ" ಎಂದಳು. ತೆಲುಗಿನ ಮುದುಕಿಯೊಬ್ಬಳು "ಒಕ್ಕಸಾರಿ ಚೂಡಮ್ಮಾ" ಎಂದು, ಒಂದೇ ಒಂದು ಸಲ ನೋಡೆಂದು, ಅತ್ತಳು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಪ್ಪಿನ ಹೆಸರನ್ನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ನಾನು ಅದೇ ದಿನ ಪುಟವನ್ನು ಅಳಿಸಿದೆ. ಆದರೆ ಸರ್ಚ್ ಎಂಜಿನ್ ನನ್ನ ಆ ಶೀರ್ಷಿಕೆಯನ್ನು ಇನ್ನೂ ಎಷ್ಟೋ ವಾರ ತೋರಿಸುತ್ತಲೇ ಇತ್ತು, ನೀಲಿ ಅಕ್ಷರದಲ್ಲಿ. ಹಿಂದೆ ತೆಗೆಸಿಟ್ಟುಕೊಂಡ ಪ್ರಿಂಟು ಹಿಡಿದು ಬಂದವರನ್ನು ಮುಚ್ಚಿದ ಬಾಗಿಲಿನಿಂದ ವಾಪಸ್ಸು ಕಳಿಸುವುದು ನನ್ನ ಪಾಲಿಗೆ ಬಂತು. ಗಂಟೆಗಟ್ಟಲೆ ದಾರಿ ಸವೆಸಿ ಬಂದವರ ಮುಖವನ್ನು ಈಗ ನೋಡಲೇಬೇಕಾಗಿತ್ತು.

ಅವನ ವಿಳಾಸದ ಚೀಟಿ ಬಹಳ ವರ್ಷ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಎರಡು ಸಲ ಕಾರ್ಡು ತಂದೆ. ಆ ಸಾಲು ಮೊದಲಿನಿಂದ ಅಲ್ಲಿರಲಿಲ್ಲ ಎಂದು ಒಂದು ವಾಕ್ಯ ಬರೆದರೆ ಸಾಕಾಗಿತ್ತು. ಇನ್ನೊಂದು ಹಾಳೆ ಪ್ರಿಂಟ್ ತೆಗೆಸದೆ ಹೆಂಡತಿಯನ್ನು ಕೊಂದೆ ಎಂದು ಅವನು ಇವತ್ತಿಗೂ ನಂಬಿಕೊಂಡಿರಬೇಕು. ನಾನು ಬರೆಯಲಿಲ್ಲ.