ಕೆಳಗೆ ತೂಗುವ ಹಣ್ಣು

ಚಿತ್ತಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ನಾನು ಶಹಾಬಾದದ ಮನೆಯಿಂದಲೇ ಆನ್‌ಲೈನ್ ಪಾಠ ಶುರು ಮಾಡಿದೆ. ಸಿಕ್ಕ ವಿದ್ಯಾರ್ಥಿಗಳು ದಕ್ಷಿಣ ಅಮೆರಿಕದವರು, ಸ್ಪ್ಯಾನಿಷ್ ಮನೆಮಾತಿನವರು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಹವಾಮಾನ ನೀತಿಯ ಸಭೆಗಳಲ್ಲಿ ಬಳಸುವ ನುಡಿಗಟ್ಟುಗಳಷ್ಟೇ ಅವರಿಗೆ ಬೇಕಿದ್ದವು. ನಮ್ಮಲ್ಲಿ ಬೆಳಗಾಗುವಾಗ ಅವರಲ್ಲಿ ಹಿಂದಿನ ದಿನದ ಸಂಜೆ.

ಅವರಲ್ಲಿ ಒಬ್ಬಾತ ಎಂದೂ ಕ್ಯಾಮೆರಾ ಹಾಕುತ್ತಿರಲಿಲ್ಲ. ದನಿ ಮಾತ್ರ ಬಹಳ ಸೌಜನ್ಯದ್ದು. ಗಣಿ ಕಂಪನಿಗಳಿಗೆ ಪರಿಸರ ವರದಿ ಬರೆದುಕೊಡುವ ಕೆಲಸ ಎಂದಿದ್ದ. ಉಳಿದವರು ಅರ್ಥ ಕೇಳಿದರೆ ಆತ, "ಇದನ್ನು ಕೇಳಿದವರಿಗೆ ಸಿಟ್ಟು ಬರುತ್ತದೆಯೇ?" ಎಂದು ಕೇಳುತ್ತಿದ್ದ.

ಒಂದು ದಿನ 'ಕಿಕ್ ದ ಕ್ಯಾನ್ ಡೌನ್ ದ ರೋಡ್' ಕಲಿಸುತ್ತಿದ್ದೆ. ಡಬ್ಬಿಯನ್ನು ದಾರಿಯುದ್ದಕ್ಕೂ ಒದೆಯುತ್ತ ಹೋಗುವ ಹಾಗೆ, ತೀರ್ಮಾನ ಮಾಡದೆ ಮುಂದೂಡುತ್ತ ಹೋಗುವುದು ಎಂದರ್ಥ. "ನಮ್ಮಲ್ಲಿ ಡಬ್ಬಿ ಅಲ್ಲ, ಚೆಂಡು ಒದೆಯುತ್ತಾರೆ," ಎಂದು ಒಬ್ಬಳು ನಕ್ಕಳು. ಆತ ನಗಲಿಲ್ಲ. "ಮುಂದೂಡುತ್ತಿದ್ದೇವೆಂದು ಗೊತ್ತಾಗದ ಹಾಗೆ ಹೇಳಲು ಏನಿದೆ?" ಎಂದ. ಈತನಿಗೆ ಬೇಕಾದದ್ದು ವಿಷಯ ಮುಚ್ಚಿಡುವ ಇಂಗ್ಲಿಷೇ ಎಂದು ನನಗೆ ಅಲ್ಲಿಂದ ಅನುಮಾನ ಹತ್ತಿತು.

ಇನ್ನೊಮ್ಮೆ ಆತ, ಹವಾಮಾನದ ವಿಷಯದಲ್ಲಿ ಕಂಪನಿಯ 'ಕಾಂಪ್ರಮೈಸ್' ಎಂದು ಬರೆದ. ಸ್ಪ್ಯಾನಿಷಿನಲ್ಲಿ ಅಂಥದೇ ಒಂದು ಪದಕ್ಕೆ ಕೊಟ್ಟ ಮಾತು, ಬದ್ಧತೆ ಎಂಬ ಅರ್ಥವಿದೆ. ಇಂಗ್ಲಿಷಿನಲ್ಲಿ ಅದು ರಾಜಿ. ತಿದ್ದಿ ಹೇಳಿದೆ. ಆತ, "ಎರಡೂ ನಡೆಯುತ್ತದೆ," ಎಂದ. ತಮಾಷೆಯೋ ನಿಜವೋ ತಿಳಿಯಲಿಲ್ಲ. ಮುಖ ಕಂಡಿದ್ದರೆ ತಿಳಿಯುತ್ತಿತ್ತೇನೋ.

ಅದೇ ದಿನಗಳಲ್ಲಿ ಸೇಡಂ ಕಡೆಯ ನನ್ನ ತವರೂರಿನಿಂದ ತಮ್ಮ ಫೋನ್ ಮಾಡಿದ. ಅಲ್ಲಿ ಹೊಸದಾಗಿ ಕಲ್ಲಿನ ಗಣಿ ತೆಗೆಯುವ ಬಗ್ಗೆ ಸಾರ್ವಜನಿಕ ಸಭೆಯಿತ್ತು.

"ಅಕ್ಕಾ, ಕಂಪನಿಯವ್ರು ಕನ್ನಡದಾಗೇ ಕಾಗದ ಕೊಟ್ಟಾರ, ಖರೇ ಏನೂ ತಿಳೀವಲ್ದು. ನೀ ಬಾ."

ಹೋದೆ. ಶಾಮಿಯಾನದ ಕೆಳಗೆ ಕಂಪನಿಯ ಅಧಿಕಾರಿ ಮೈಕ್ ಹಿಡಿದು ಓದುತ್ತಿದ್ದರು: "ಮೊದಲ ಹಂತದಲ್ಲಿ ಕೆಳಗೆ ತೂಗುವ ಹಣ್ಣುಗಳನ್ನು ಕೀಳಲಾಗುವುದು."

ಬೆಚ್ಚಿಬಿದ್ದೆ. 'ಲೋ ಹ್ಯಾಂಗಿಂಗ್ ಫ್ರೂಟ್' ಎಂಬ ಆ ನುಡಿಗಟ್ಟನ್ನು ನಾನೇ ಕೆಲವು ದಿನಗಳ ಹಿಂದೆ ಕಲಿಸಿದ್ದೆ. ಇಲ್ಲಿ ಯಾರೋ ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಿದ್ದರು.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದಳು. "ಸಾಹೇಬ್ರ, ಯಾ ಹಣ್ಣ್ರಿ ಇವು? ನಮ್ ಹೊಲದಾಗ ತೊಗರಿ ಬಿಟ್ರ ಏನದ? ಮಾವಿನ ಗಿಡ ಹಚ್ಚಿ ಕೊಡ್ತೀರೇನ್ರಿ?"

ಅಧಿಕಾರಿ ಕಾಗದವನ್ನೊಮ್ಮೆ ನೋಡಿ, "ಹಚ್ಚಿ ಕೊಡ್ತೀವಿ ಬಿಡ್ರಿ ಅಮ್ಮಾ," ಎಂದರು. ಜನ ಚಪ್ಪಾಳೆ ತಟ್ಟಿದರು. ಓದಿದ ಅಧಿಕಾರಿಗೂ ಅರ್ಥ ಗೊತ್ತಿರಲಿಲ್ಲ!

ನಾನು ಎದ್ದು ನಿಂತೆ. "ಹಣ್ಣು ಗಿಣ್ಣು ಏನೂ ಇಲ್ರಿ. ಹಗೂರ ಇದ್ದ ಕೆಲಸ ಮೊದಲ ಮಾಡ್ತೀವಿ ಅಂತ ಅದರ ಅರ್ಥ. ಅದು ಯಾವ ಕೆಲಸ ಅಂತ ಹೇಳ್ರಿ. ಧೂಳ ಹ್ಯಾಂಗ ತಡೀತೀರಿ? ಭಾವಿ ಬತ್ತಿದ್ರ ನೀರ್ ಯಾರ್ ಕೊಡ್ತಾರ?"

ಚಪ್ಪಾಳೆ ನಿಂತಿತು. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ನೀವ್ ಯಾವ ಪಾರ್ಟಿಯವ್ರು?" ಎಂದರು. ಊರಿನ ಕೆಲವರೂ ಹಾಗೆಯೇ ತಿರುಗಿ ನೋಡಿದರು. ನನ್ನ ಪ್ರಶ್ನೆಗಳನ್ನು ಬಿಟ್ಟು ಸಭೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿದರು.

ಮುಂದಿನ ಪಾಠದಲ್ಲಿ ಆತನನ್ನು ನೇರವಾಗಿ ಕೇಳಿದೆ: "ನಿಮ್ಮ ವರದಿ ಯಾವ ದೇಶಕ್ಕೆ ಹೋಗುತ್ತದೆ?"

"ನನಗೆ ಹೇಳುವುದಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ. ಆಮೇಲೆ ಯಾರೋ ಬೇರೆ ಭಾಷೆಗೆ ಹಾಕುತ್ತಾರೆ."

ನಂಬಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಅಂದು ಎಲ್ಲರಿಗೂ ಒಂದೇ ಕೆಲಸ ಕೊಟ್ಟೆ: ಗಣಿಯ ಧೂಳನ್ನು ಯಾರು, ಯಾವಾಗ ತಡೆಯುತ್ತಾರೆಂದು ನುಡಿಗಟ್ಟಿಲ್ಲದೆ ಬರೆಯಿರಿ. ಆತ ಬರೆಯುವುದು, ಅಳಿಸುವುದು ಪರದೆಯ ಮೇಲೆ ಕಾಣುತ್ತಿತ್ತು. ಕೊನೆಗೆ ಒಂದು ವಾಕ್ಯ ಬಂತು: "ಯಾರು ತಡೆಯಬೇಕೆಂದು ಇನ್ನೂ ಯಾರೂ ತೀರ್ಮಾನಿಸಿಲ್ಲ."

"ಇದು ಒಳ್ಳೆಯ ಇಂಗ್ಲಿಷ್," ಎಂದೆ.

"ಹೀಗೆ ಬರೆದರೆ ನನ್ನ ಕೆಲಸ ಹೋಗುತ್ತದೆ," ಎಂದ. ಆಮೇಲೆ ಪಾಠಕ್ಕೆ ಬರಲಿಲ್ಲ. ನಮ್ಮೂರಿನ ಕಾಗದದ ಮೂಲ ಆತನದೋ ಬೇರೆಯವರದೋ, ಇಂದಿಗೂ ನನಗೆ ಗೊತ್ತಿಲ್ಲ.

ಎರಡನೆಯ ಸಭೆಗೆ ಮುಂಚೆ ಕಂಪನಿ ಹೊಸ ಕಾಗದ ಕಳಿಸಿತು. ಈ ಸಲ ಕನ್ನಡ ಸರಳವಾಗಿತ್ತು: ರಸ್ತೆಗೆ ನೀರು ಹೊಡೆಯುತ್ತೇವೆ, ಬಾವಿ ಬತ್ತಿದರೆ ಟ್ಯಾಂಕರ್ ಕಳಿಸುತ್ತೇವೆ. ತಮ್ಮ ಅದನ್ನು ಹಿಡಿದುಕೊಂಡು ಶಹಾಬಾದಕ್ಕೇ ಬಂದ. ಮುಖದಲ್ಲಿ ಖುಷಿಯಿತ್ತು.

"ಈಗರ ಸಮಾಧಾನ ಆತೇನು?"

"ಎಷ್ಟ್ ವರ್ಷ ಟ್ಯಾಂಕರ್ ಬರ್ತದ ಅಂತ ಬರ್ದಾರೇನು?"

"ನೀ ಎಲ್ಲಾದ್ರಾಗೂ ಸಂಶಯ ಮಾಡ್ತಿ ನೋಡಕ್ಕಾ."

"ಹೂಂ, ಮಾಡ್ತೀನಿ. ಕುಂದ್ರು. ಮುಂದಿನ ಹಾಳಿ ಓದು."