ಒಳ್ಳೆಯ ಕ್ರಿಮಿಗಳ ಡಬ್ಬಿ

ನನ್ನ ಲಿವರ್‌ನಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ವಾರವೇ ನಾನು ಕುಡುಕನೆಂದು ನೆಂಟರಿಗೆಲ್ಲ ಗೊತ್ತಾಯಿತು. ನಾನು ಕುಡಿಯುವುದಿಲ್ಲ. ಆದರೆ ನಮ್ಮ ಕಡೆ ಲಿವರ್ ಎಂಬ ಮಾತು ಬರುವುದೇ ಬ್ರಾಂದಿ ಅಂಗಡಿಯ ಮಾತಿನ ಬೆನ್ನಿಗೆ.

ಚನ್ನಗಿರಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಎಚ್‌ಐವಿ ಇರುವುದು ತಿಳಿದು ಬಹಳ ವರ್ಷಗಳಾದವು. ಹೇಗೆ ಬಂತು ಎಂದು ಮೊದಮೊದಲು ಯೋಚಿಸುತ್ತಿದ್ದೆ. ಸುಟ್ಟ ಮೋಟಾರು ತಂದ ರೈತರೂ ಯಾಕೆ ಸುಟ್ಟಿತು ಎಂದು ಕೇಳುತ್ತಾರೆ. ಕಾರಣ ಏನೇ ಇರಲಿ, ತಂತಿ ಬಿಚ್ಚಿ ಸುತ್ತುವ ಕೆಲಸವೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಯೋಚನೆ ಬಿಟ್ಟು ದಿನಾ ಮಾತ್ರೆ ನುಂಗುತ್ತೇನೆ. ಹೆಂಡತಿಗೆ ಎಲ್ಲ ಗೊತ್ತು; ಅವಳಿಗೆ ಸೋಂಕಿಲ್ಲ. ಮಿಕ್ಕವರು ಕೇಳಿದರೆ ವಿಟಮಿನ್ ಮಾತ್ರೆ ಎನ್ನುತ್ತಿದ್ದೆ.

ಮಾತ್ರೆ ಕೊಡುವ ದಾವಣಗೆರೆಯ ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಕುಡೀತೀರಾ?" ಎಂದಿದ್ದರು. ಇಲ್ಲವೆಂದೆ. "ಹಾಗಿದ್ರೆ ತೂಕ ಇಳಿಸ್ಬೇಕು. ಎಚ್‌ಐವಿ ಇರೋರಲ್ಲಿ ಈ ಫ್ಯಾಟಿ ಲಿವರ್ ಜಾಸ್ತಿ ಕಾಣುತ್ತೆ. ಸಕ್ಕರೆ, ಕರಿದದ್ದು ಬಿಡಿ. ದಿನಾ ನಡೀರಿ," ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ನ್ಯಾಮತಿಯ ನೆಂಟರ ಮದುವೆಯಲ್ಲಿ ಜಿಲೇಬಿ ಬೇಡವೆಂದೆ. ಯಾಕೆ ಎಂದರು. ಲಿವರ್ ಎಂದೆ.

ಮರುದಿನ ಬಿಳಿಚೋಡಿನಿಂದ ಅಕ್ಕ ಫೋನ್ ಮಾಡಿದಳು.

"ಯಾವಾಗಿಂದ ಕುಡಿಯಾಕೆ ಹತ್ತೀಯೋ?"

ನಾನು ಇಲ್ಲವೆನ್ನಲು ಹೋಗಲಿಲ್ಲ. ಕುಡಿಯುವುದಿಲ್ಲ ಎಂದರೆ ಮತ್ತೆ ಲಿವರ್‌ಗೆ ಏನಾಯಿತು ಎನ್ನುತ್ತಾಳೆ. ಕುಡುಕನಿಗೆ ಊರಲ್ಲಿ ಒಂದು ಸ್ಥಾನವಿದೆ. ಬೈಯುತ್ತಾರೆ, ಬುದ್ಧಿ ಹೇಳುತ್ತಾರೆ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ನನಗೆ ಅದು ಸಾಕೆನಿಸಿತು.

ಆ ಹೊತ್ತಿಗೆ ಅಕ್ಕ ಆರೋಗ್ಯದ ಪುಡಿ ಮಾರುವ ಒಂದು ಕಂಪನಿಗೆ ಸೇರಿದ್ದಳು. ಬಸ್ಸು ಹತ್ತಿ ಬಂದು ದೊಡ್ಡ ಡಬ್ಬಿಯೊಂದನ್ನು ನನ್ನ ಮುಂದಿಟ್ಟಳು.

"ಇದ್ರಾಗೆ ಕೋಟಿಗಟ್ಲೆ ಕ್ರಿಮಿ ಅದಾವೆ. ಹೊಟ್ಟೆಗೆ ಹೋಗಿ ಲಿವರ್ ತೊಳೀತಾವೆ."

"ಕ್ರಿಮಿನಾ?"

"ಒಳ್ಳೇವು ಕಣೋ. ಮೊಸರಾಗೆ ಇರಲ್ವಾ, ಅಂಥವು. ಬೆಳಿಗ್ಗೆ ಎದ್ದು ನಿನ್ನ ವಿಟಮಿನ್ ಮಾತ್ರೆ ಜೊತಿಗೆ ತಗಾ."

ನೀರಿಗೆ ಕಲಸಿ ತೆಗೆದುಕೊಂಡೆ. ಬಾಳೆಹಣ್ಣಿನ ವಾಸನೆಯ ಸುಣ್ಣದಂತಿತ್ತು. ಹೆಂಡತಿ ಮಾತ್ರ, "ಡಾಕ್ಟ್ರನ್ನ ಕೇಳ್ದೆ ಕುಡೀಬ್ಯಾಡ್ರಿ," ಎಂದು ದಿನಾ ಹೇಳುತ್ತಿದ್ದಳು. ಮುಂದಿನ ಸಲ ಮಾತ್ರೆ ತರಲು ಹೋದಾಗ ಡಬ್ಬಿಯನ್ನು ಅವಳೇ ಚೀಲಕ್ಕೆ ಹಾಕಿದಳು.

ಡಾಕ್ಟರು ಕನ್ನಡಕ ಏರಿಸಿ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರು.

"ಹೊಟ್ಟೆಯ ಬ್ಯಾಕ್ಟೀರಿಯಾಗೂ ಲಿವರ್‌ಗೂ ಸಂಬಂಧ ಇರೋದು ನಿಜ. ಅದರ ಮೇಲೆ ಸಂಶೋಧನೆ ನಡೀತಾ ಇದೆ. ಆದ್ರೆ ಈ ಪುಡಿಯಿಂದ ನಿಮ್ಮ ಲಿವರ್ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಇದ್ರಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಎಲ್ಲ ಸೇರಿಸಿದ್ದಾರೆ. ಖಾಲಿ ಹೊಟ್ಟೇಲಿ ಒಟ್ಟಿಗೆ ತಗೊಂಡ್ರೆ ನಿಮ್ಮ ಎಚ್‌ಐವಿ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ನಿಲ್ಲಿಸಿಬಿಡಿ."

ಕುಡಿಯದ ಬ್ರಾಂದಿಯಿಂದ ಕೆಟ್ಟ ಲಿವರ್ ಸರಿಮಾಡಲು ಹೋಗಿ, ನನ್ನನ್ನು ಬದುಕಿಸಿದ್ದ ಮಾತ್ರೆಯನ್ನೇ ದಿನಾ ಕೆಡಿಸುತ್ತಿದ್ದೆ. ವೈರಸ್ ಹೆಚ್ಚಿದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆಗೆ ಕೊಟ್ಟು ಬಂದೆ. ಫಲಿತಾಂಶ ಬರುವವರೆಗೆ ಸುತ್ತಿನ ಲೆಕ್ಕ ತಪ್ಪಿ, ಅಂಗಡಿಯಲ್ಲಿ ಸುತ್ತಿದ ಮೋಟಾರುಗಳನ್ನೆಲ್ಲ ಮತ್ತೆ ಬಿಚ್ಚಿ ಸುತ್ತಬೇಕಾಯಿತು. ಕೊನೆಗೆ, ತೊಂದರೆಯಾಗಿಲ್ಲ ಎಂದರು.

ಅಷ್ಟರಲ್ಲಿ ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ಪುಡಿ ಕಂಪನಿಯ ಸಭೆ ಬಂತು. ಪುಡಿಯಿಂದ ಕುಡಿತ ಬಿಟ್ಟೆ, ಲಿವರ್ ಸರಿಹೋಯಿತು ಎಂದು ನಾನು ಮೈಕಿನಲ್ಲಿ ಹೇಳಬೇಕೆಂದು ಅಕ್ಕ ನಿಶ್ಚಯಿಸಿದ್ದಳು. ನಿಜವನ್ನು ಅವಳ ಎದುರಿಗೇ ಹೇಳಿಬಿಡೋಣವೆಂದು ಹೋದೆ. ಕೋಟು ಹಾಕಿದ ಲೀಡರ್ ಒಬ್ಬರು, "ನಿಮ್ಮೊಳಗಿನ ಕ್ರಿಮಿಗಳನ್ನ ಪ್ರೀತಿಸ್ರಿ!" ಎಂದು ಕೂಗುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಕ್ಕನನ್ನು ಕೈ ತೊಳೆಯುವ ನಲ್ಲಿಗಳ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ: ನನಗೆ ಎಚ್‌ಐವಿ ಇದೆ, ಅವು ವಿಟಮಿನ್ ಮಾತ್ರೆಗಳಲ್ಲ, ಪುಡಿ ಆಗುವುದಿಲ್ಲ.

ಅವಳು ನಲ್ಲಿ ತಿರುಗಿಸಿದಳು. ತೊಳೆಯಲು ಏನೂ ಇರಲಿಲ್ಲ, ಆದರೂ ಕೈ ತೊಳೆದಳು.

"ಹಂಗಾದ್ರೆ ಕುಡಿಯಲ್ಲ?"

"ಇಲ್ಲ."

"ಒಂದು ಹನಿನೂ?"

"ಇಲ್ಲಕ್ಕಾ."

"ಜಗಳೂರು ತಾಲೂಕಿಗೆಲ್ಲ ನನ್ನ ತಮ್ಮ ಕುಡುಕ ಅಂತ ಹೇಳಿಬಿಟ್ಟೀನಲ್ಲೋ. ಈಗ ಏನಂತ ಹೇಳ್ಲಿ?"

"ಕುಡುಕ ಅಂತಲೇ ಇರ್ಲಿ ಬಿಡು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. ನಾನು ಗೋಡೆಯ ಮೇಲಿನ "ಇಲ್ಲಿ ಉಗುಳಬಾರದು" ಎಂಬುದನ್ನು ಓದುತ್ತ ನಿಂತೆ. ಒಳಗೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಅಕ್ಕ ಸೀದಾ ಲೀಡರ್ ಬಳಿ ಹೋಗಿ, "ಸರ್, ನನ್ನ ತಮ್ಮಗೆ ಹೊಟ್ಟೆ ಕೆಟ್ಟೈತೆ, ಮಾತಾಡಾಕೆ ಆಗಲ್ಲ," ಎಂದಳು. ಮೈಕ್ ಇನ್ನೂ ಆನ್ ಇತ್ತು. ಸಭೆ ಕೇಳಿಸಿಕೊಂಡಿತು. ಲೀಡರ್ ಮೇಜಿನ ಮೇಲೆ ಪೇರಿಸಿದ್ದ ಡಬ್ಬಿಗಳನ್ನು ನೋಡಿದರು.

ಆಮೇಲೂ ಅವಳು ಪುಡಿ ಮಾರಿದಳು. ಆದರೆ ಕೊಳ್ಳಲು ಬಂದವರನ್ನೆಲ್ಲ, "ಯಾವ ಮಾತ್ರೆ ನುಂಗ್ತೀರಿ? ಡಾಕ್ಟ್ರಿಗೆ ಡಬ್ಬಿ ತೋರಿಸ್ಕೊಂಡು ಬರ್ರಿ," ಎಂದು ವಾಪಸು ಕಳಿಸತೊಡಗಿದಳು. ಹೋದವರು ಮತ್ತೆ ಬರಲಿಲ್ಲ. ಕಂಪನಿ ಅವಳನ್ನು ಕೈಬಿಟ್ಟಿತು.

ನಾನು ಡಾಕ್ಟರು ಹೇಳಿದಂತೆ ನಡೆದೆ. ಮುಂದಿನ ಸ್ಕ್ಯಾನಿಂಗ್‌ನಲ್ಲಿ ಕೊಬ್ಬು ಸ್ವಲ್ಪ ಇಳಿದಿತ್ತು. ಈ ವಿಷಯ ತಿಳಿದ ಅಕ್ಕ ಒಂದು ಭಾನುವಾರ ಬಂದಳು. ಅಕ್ಕ, ಹೆಂಡತಿ, ನಾನು ಮೂವರೂ ಸೂಳೆಕೆರೆಯ ಏರಿಯ ಮೇಲೆ ನಡೆದೆವು. ಅರ್ಧ ದಾರಿಯಲ್ಲಿ ಅವಳು ಕೇಳಿದಳು.

"ಇಷ್ಟು ವರ್ಷ ಒಬ್ಬನೇ ಹೆಂಗಿದ್ಯೋ?"

"ಒಬ್ಬನೇ ಎಲ್ಲಿ? ಇವಳಿದ್ಲಲ್ಲ."

ಅಕ್ಕ ನನ್ನ ಹೆಂಡತಿಯ ಕಡೆ ನೋಡಿದಳು. ಅವಳ ಕೈಯಲ್ಲಿದ್ದ ಚೀಲ ಇಸಿದುಕೊಂಡು ತಾನೇ ಹಿಡಿದು ನಡೆದಳು. ಏರಿ ಇಳಿದ ಮೇಲೆ ಆಗಷ್ಟೇ ಹಿಡಿದ ಮೀನು ಮಾರುತ್ತಿದ್ದರು. ಅಕ್ಕ ಕಿವಿರು ಎತ್ತಿ ನೋಡಿ ಆರಿಸಿದಳು.

"ಹುರಿಯೋದು ಬ್ಯಾಡ, ಸಾರು ಮಾಡಣ," ಎಂದಳು.